ಹೆಸರು ಮುಚ್ಚಿ ಕೊಟ್ಟ ಗ್ರೇಡು

ಕೂಕಟ್‌ಪಲ್ಲಿಗೆ ಮೆಟ್ರೋ ಬಂದ ಹೊಸದು. ಆಗ ನಾನು ಹೈದರಾಬಾದಿನಲ್ಲಿ ಬ್ಯಾಂಕ್ ತಪಾಸಣಾ ಅಧಿಕಾರಿ. ಸಹಕಾರಿ ಬ್ಯಾಂಕುಗಳ ಆರೋಗ್ಯ ಅಳೆದು ಎ, ಬಿ, ಸಿ, ಡಿ ಎಂದು ಗ್ರೇಡು ಕೊಡುವುದು ನನ್ನ ಕೆಲಸ. ಬಂಡವಾಳ, ಸಾಲ ವಸೂಲಿ, ಕೈಯಲ್ಲಿರುವ ನಗದು, ಆಡಳಿತ ಎಲ್ಲಕ್ಕೂ ಅಂಕ. ಅದರಲ್ಲಿ ಆಡಳಿತದ ಅಂಕವೇ ಭಾರ. ನಿಜ ಹೇಳುತ್ತೇನೆ, ಅದನ್ನು ನಾವು ಕೊಡುತ್ತಿದ್ದುದು ಫೈಲುಗಳ ಅಂದಚಂದ ನೋಡಿ!

ಹಿಮಾಯತ್‌ನಗರದ ಒಂದು ಸಣ್ಣ ಬ್ಯಾಂಕಿಗೆ ನಾನೇ ಸಿ ಬರೆದಿದ್ದೆ. ಸಭೆಯ ನಡಾವಳಿ ಕೈಬರಹದ್ದು, ನೀತಿಪತ್ರಗಳು ಅರ್ಧಂಬರ್ಧ. ಸಿ ಬಂದರೆ ಹೊಸ ಶಾಖೆಗೆ ಅನುಮತಿಯಿಲ್ಲ. ಅಲ್ಲಿನ ಮ್ಯಾನೇಜರ್ ಶಾಂತಾಬಾಯಿ ನಮ್ಮ ಕಲಬುರಗಿ ಕಡೆಯವರು. ನೇರ ನನ್ನ ಕಚೇರಿಗೇ ಬಂದರು.

"ಸಾಹೇಬ್ರ, ಕೂಕಟ್‌ಪಲ್ಲ್ಯಾಗ ಮನಿ ಕಟ್ಟೋ ಯಾದಗಿರಿ ಮಂದಿ ಒಂದಿನದ ಕೂಲಿ ಬಿಟ್ಟು ನಮ್ಮ ಬ್ಯಾಂಕಿಗೆ ಬರ್ತಾರ್ರಿ. ಅಲ್ಲೇ ಒಂದು ಬ್ರಾಂಚ್ ಬೇಕ್ರಿ."

"ನಿಮ್ಮ ಫೈಲ್ ಸರಿ ಇಲ್ಲಲ್ರಿ, ಬಾಯಾರ."

"ಫೈಲ್ ಚಂದ ಇದ್ರ ಸಾಲ ತಾನಾಗೇ ವಸೂಲ್ ಆಕ್ಕೈತೇನ್ರಿ?"

ನಕ್ಕು ಕಳಿಸಿದೆ. ಅವರ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ.

ಅದೇ ತಿಂಗಳು ಮೇಲಿನಿಂದ ಪತ್ರ ಬಂತು: ಗ್ರೇಡು ಕೊಡುವ ಪದ್ಧತಿಯನ್ನೇ ಬದಲಿಸಬೇಕು, ಸಲಹೆ ಕಳಿಸಿ. ನಮ್ಮ ಮುಖ್ಯಸ್ಥೆ ವಿಜಯಲಕ್ಷ್ಮಿ ಮೇಡಂ ಒಂದು ಪ್ರಯೋಗ ಹೂಡಿದರು. ಐದು ಬ್ಯಾಂಕುಗಳ ಹೋದ ವರ್ಷದ ಅಂಕಿಗಳು ಮಾತ್ರ. ಹೆಸರಿನ ಮೇಲೆ ಕಪ್ಪು ಕಾಗದ. ನಾಲ್ವರು ಅಧಿಕಾರಿಗಳು, ಬೇರೆ ಬೇರೆ ಮೇಜು. ಒಂದೇ ಪ್ರಶ್ನೆ: ಈ ಬ್ಯಾಂಕು ಮುಳುಗುವುದಾದರೆ ಯಾವುದರಿಂದ ಮುಳುಗೀತು? ಅದನ್ನಷ್ಟೇ ನೋಡಿ ಗ್ರೇಡು ಕೊಡಬೇಕು.

ಪರೀಕ್ಷೆಗೆ ಕೂತ ಹುಡುಗನಂತೆ ಒಂದೊಂದೇ ಅಂಕಿಯನ್ನು ಬೆರಳಿಟ್ಟು ಓದಿದೆ. ಮೂರನೆಯ ಫೈಲು ತೆರೆದೆ. ಸಣ್ಣ ಸಣ್ಣ ಸಾಲ, ನೂರಾರು ಜನಕ್ಕೆ ಹಂಚಿದ್ದು, ಬಾಕಿ ಇಲ್ಲವೆನ್ನುವಷ್ಟು ಕಡಿಮೆ. ಠೇವಣಿದಾರರು ದಿಢೀರನೆ ಬಂದರೂ ಕೊಡಲು ನಗದು ಇದೆ. "ಇದಕ್ಕೆ ಎ!" ಎಂದು ಕೂಗಿಯೇಬಿಟ್ಟೆ. ಉಳಿದ ಮೂವರು ಆಗಲೇ ಬರೆದಿಟ್ಟಿದ್ದುದೂ ಎ.

ಮೇಡಂ ಕಾಗದ ಕಿತ್ತರು. ಹಿಮಾಯತ್‌ನಗರದ ಬ್ಯಾಂಕು!

"ಏಮಂಡಿ ಕುಲಕರ್ಣಿಗಾರು, ಅದೇ ಅಂಕಿ, ಅದೇ ಕೈ. ಆಗ ಸಿ, ಈಗ ಎ?" ಎಂದು ಮೇಡಂ ನನ್ನತ್ತ ತಿರುಗಿದರು.

ಕೋಣೆಯೆಲ್ಲ ನಗು. ನಾಚಿಕೆಯೇನೋ ಆಯಿತು. ಆದರೆ ಒಳಗೆ ಕುಣಿಯುವಷ್ಟು ಖುಷಿ. ಹಳೆಯ ಪದ್ಧತಿ ತಪ್ಪೆನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕೇ! "ಮೇಡಂ, ನನ್ನ ಎರಡೂ ಗ್ರೇಡು ಅಕ್ಕಪಕ್ಕ ಇಟ್ಟು ವರದಿ ಕಳಿಸಿ. ನನ್ನ ಹೆಸರೂ ಇರಲಿ" ಎಂದೆ.

ವರದಿ ಹೋಯಿತು, ಪದ್ಧತಿ ಬದಲಾಯಿತು. ಈಗ ಮೊದಲು ನಿಜವಾದ ಅಪಾಯ ಅಳೆಯಬೇಕು. ಕಾಗದದ ಲೋಪಗಳನ್ನು ತಿದ್ದಿಸಬೇಕು, ಅದಕ್ಕಾಗಿ ಗ್ರೇಡು ಇಳಿಸುವಂತಿಲ್ಲ.

ನಮ್ಮಜ್ಜಿ ಸಂತೆಯಲ್ಲಿ ಜೋಳದ ಚೀಲದ ಹೊಲಿಗೆ ನೋಡುತ್ತಿರಲಿಲ್ಲ. ಮೊಣಕೈವರೆಗೆ ಕೈ ಹಾಕಿ, ತಳದ ಕಾಳು ತೆಗೆದು ನೋಡುತ್ತಿದ್ದಳು. ಅಷ್ಟನ್ನು ಕಲಿಯಲು ನನಗೆ ಅರ್ಧ ನೌಕರಿಯೇ ಬೇಕಾಯಿತು.

ಕೂಕಟ್‌ಪಲ್ಲಿ ಶಾಖೆಗೆ ಎ ಗ್ರೇಡಿನ ಬಲದಿಂದ ಅನುಮತಿ ಸಿಕ್ಕಿತು. ಅದು ತೆರೆದ ದಿನ ಶಾಂತಾಬಾಯಿ ನನ್ನನ್ನು ಬಾಗಿಲಲ್ಲೇ ತಡೆದರು; ಹೊರಗೆ ಕೂಲಿಯವರ ಸಾಲು. "ಸಾಹೇಬ್ರ, ನಡಾವಳಿ ಟೈಪ್ ಮಾಡ್ಸೀನಿ, ನೋಡ್ತೀರೇನ್ರಿ?"

"ಆಮ್ಯಾಲ ನೋಡೋಣ್ರಿ, ಬಾಯಾರ," ಎಂದೆ. "ಮದ್ಲು ಆ ಯಾದಗಿರಿ ಮಂದೀನ ಒಳಗ ಬಿಡ್ರಿ, ಕೆಲಸಕ್ಕ ಹೊತ್ತಾಕ್ಕೈತಿ."