ಅರ್ಜಿಯ ಬೆನ್ನಿಗಿದ್ದ ಮಾತು

ನಿಮಗೆ ಪಾಠ ಹೇಳಿದವರ ಕೈಬರಹದ ಒಂದು ಹಾಳೆಯಾದರೂ ಇಂದು ನಿಮ್ಮ ಬಳಿ ಉಳಿದಿದೆಯೇ? ಮೊನ್ನೆ ಬಸವಕಲ್ಯಾಣದ ಕಚೇರಿಯೊಂದರ ಮುಂದೆ ಅರ್ಜಿ ಬರೆಯುವವರೊಬ್ಬರು ಎರಡು ಹಾಳೆಗಳ ನಡುವೆ ಕಾರ್ಬನ್ ಇಡುತ್ತಿದ್ದರು. ಆ ಮಸಿಯ ವಾಸನೆ ಮೂಗಿಗೆ ತಾಗಿತು. ತೊಂಬತ್ತರ ದಶಕದ ನಮ್ಮ ಇಂಗ್ಲಿಷ್ ಪ್ರಾಧ್ಯಾಪಕರು ಕಣ್ಣೆದುರು ಬಂದು ನಿಂತರು...

ಅವರ ಕಾಲೇಜು ಬಸವಕಲ್ಯಾಣದಲ್ಲಿ, ಮನೆ ಹುಮನಾಬಾದಿನಲ್ಲಿ. ಭಾನುವಾರ ಬೆಳಿಗ್ಗೆ ಅವರ ಮನೆಯ ಕಟ್ಟೆ ತುಂಬ ಅರ್ಜಿ ಬರೆಸಲು ಬಂದ ಜನ. ಕಾರ್ಖಾನೆಗಳ ಅಧಿಕಾರಿಗಳು ಹೊರನಾಡಿನವರು, ಅವರಿಗೆ ಅರ್ಜಿ ಇಂಗ್ಲಿಷಿನಲ್ಲೇ ಹೋಗಬೇಕಿತ್ತು. ಪ್ರಾಧ್ಯಾಪಕರದೊಂದು ಪದ್ಧತಿ: ಬಂದವರ ಮಾತನ್ನು ಮೊದಲು ಇದ್ದಂತೆಯೇ ಕನ್ನಡದಲ್ಲಿ ಬರೆದುಕೊಂಡು ಓದಿ ಹೇಳುವರು. ಬಂದವರು ಒಪ್ಪಿದ ಮೇಲೆ ಅದೇ ಹಾಳೆಯನ್ನು ಮಗುಚಿ, ಮೇಲೆ ಕಾರ್ಬನ್, ಅದರ ಮೇಲೆ ಹೊಸ ಹಾಳೆ ಇಟ್ಟು, ಇಂಗ್ಲಿಷ್ ಅರ್ಜಿ ಬರೆಯುವರು. ಹೊಸ ಹಾಳೆ ಸಾಹೇಬರಿಗೆ, ನಕಲು ಮೂಡಿದ ಹಾಳೆ ತಮ್ಮ ಪೆಟ್ಟಿಗೆಗೆ. ಹೀಗೆ ಅವರಲ್ಲಿ ಉಳಿದ ಪ್ರತಿ ಹಾಳೆಗೂ ಎರಡು ಮುಖ.

ನಾನಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹುಮ್ಮಸ್ಸಿನಲ್ಲಿದ್ದ ವಿದ್ಯಾರ್ಥಿ. ಒಂದು ಭಾನುವಾರ ಎಲ್ಲರೆದುರೇ ಎದ್ದು ನಿಂತೆ.

“ಸರ್, ನೀವು ಬರ್ದು ಕೊಡೂದರಿಂದನೇ ಈ ಇಂಗ್ಲಿಷಿನ ಗುಲಾಮಗಿರಿ ಉಳದದ. ಇವತ್ತೇ ನಿಲ್ಲಸ್ರಿ!”

ಘಾಟಬೋರಾಳದಿಂದ ಬಂದಿದ್ದ ಕುರಿಗಾಹಿ ಅಜ್ಜ ನನ್ನನ್ನೇ ನೋಡಿದ. “ತಮ್ಮಾ, ನಿನ್ನ ಭಾಷಣ ಮುಗೀತನ? ನನ್ನ ಬಸ್ ಹೋಗ್ತದ.”

ಕಟ್ಟೆಯೇ ನಕ್ಕಿತು. ಸರ್ ನಗುತ್ತಲೇ ಪೆನ್ನು ನನ್ನ ಕೈಗಿತ್ತರು. “ಮಾತು ಖರೇ ಅದ. ಸಾಹೇಬ್ರಿಗೆ ಕನ್ನಡ ಕಲಸಾಕ ಆಮ್ಯಾಲ ಹೋಗೂಣಂತ. ಈಗ ಅಜ್ಜ ಹೇಳೂದು ಬರಿ.”

ಮಗನಿಗೆ ಕೆಲಸ ಕೇಳಿ ಬಂದಿದ್ದ ಅಜ್ಜ, “ನಮ್ಮ ಹುಡುಗ ಕುರಿ ಎಣಸೂದ್ರಾಗ ಒಂದ್ ಸಲಾನೂ ತಪ್ಪಿಲ್ರಿ” ಎಂದ. ನಾನು ‘ಕಾರ್ಯದಕ್ಷತೆಯ ಪ್ರತಿರೂಪನಾದ ನನ್ನ ಸುಪುತ್ರನು’ ಎಂದು ಬರೆದು ಗಂಭೀರವಾಗಿ ಓದಿದೆ.

“ಇದ್ಯಾರ ಮಗರೀ? ನಮ್ಮ ಹುಡುಗ ಅಲ್ಲ!” ಎಂದ ಅಜ್ಜ.

ಸರ್ ಆ ಹಾಳೆ ಹರಿದು ಇನ್ನೊಂದು ಕೊಟ್ಟರು. ಕುರಿ ಎಣಿಸುವ ಮಾತು ಹಾಗೆಯೇ ಇಂಗ್ಲಿಷಿಗೂ ಹೋಯಿತು. ಹುಡುಗನಿಗೆ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಜನರ ಪರವಾಗಿ ಮಾತನಾಡುವವನು ಮೊದಲು ಅವರ ಮಾತು ಕೇಳಬೇಕೆಂಬ ಪಾಠ ನನಗೆ ಸಿಕ್ಕಿತು.

ಎರಡು ಸಾವಿರದ ಇಸವಿ ಕಳೆದ ಕೆಲವು ವರ್ಷಗಳಿಗೆ ಸರ್ ತೀರಿಕೊಂಡರು. ತಿಂಗಳಾದ ಮೇಲೆ ನಾನು ಹುಮನಾಬಾದಿಗೆ ಹೋದಾಗ ಬಾಗಿಲಲ್ಲಿ ರದ್ದಿಯವನ ತಳ್ಳುಗಾಡಿ ನಿಂತಿತ್ತು. ಕಾಗದ ತುಂಬಿದ್ದ ಮೂರು ಪೆಟ್ಟಿಗೆಗಳಲ್ಲಿ ಎರಡು ಹಿಂದಿನ ವಾರವೇ ಹೋಗಿದ್ದವು.

“ಎಲ್ಲಾ ಇಂಗ್ಲಿಷ್ ಅದಾವಪ್ಪಾ. ಮನ್ಯಾಗ ಓದಾವ್ರು ಯಾರದಾರ?” ಎಂದರು ಅವರ ಪತ್ನಿ.

“ಅವ್ವಾರ, ಒಂದೀಟು ತಡೀರಿ.” ನಾನು ಹಾಳೆಗಳನ್ನು ಮಗುಚಿ, ಕನ್ನಡದ ಬೆನ್ನು ಗಟ್ಟಿಯಾಗಿ ಓದತೊಡಗಿದೆ. ಯಾರದೋ ವಿದ್ಯುತ್ ದೂರು, ಯಾರದೋ ವರ್ಗಾವಣೆ... ಆಮೇಲೆ ಇದು ಬಂತು: “ಎಂಟು ದಿನ ತವರಿಗೆ ಹೋಗ್ಬೇಕು. ರಜಾ ಕೊಡ್ರಿ. ಅಲ್ಲಿತನಕ ನಿಮ್ಮ ಚಹಾ ನೀವೇ ಕಾಸ್ಕೋರಿ.” ಇನ್ನೊಂದು ಮಗ್ಗುಲಲ್ಲಿ ಅಚ್ಚುಕಟ್ಟಾದ ಇಂಗ್ಲಿಷ್ ಅರ್ಜಿ, ಕೆಳಗೆ ಸರ್ ಅವರದೇ ಆದೇಶ. ಕನ್ನಡಿಸಿ ಹೇಳಿದೆ: “ರಜೆ ಮಂಜೂರಾಗಿದೆ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ತಿಳಿಸಿ ಹೋಗತಕ್ಕದ್ದು.”

ಅವರು ಸೆರಗು ಬಾಯಿಗಿಟ್ಟು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. “ಅಯ್ಯ, ನಾ ನಗಿಚಾಷ್ಟಿಗಿ ಅಂದಿದ್ದೆ! ಅದನ್ನೂ ಬರಕೊಂಡಿದ್ರಾ ಇವ್ರು...” ಆಮೇಲೆ ರದ್ದಿಯವನತ್ತ ತಿರುಗಿದರು. “ನೀ ನಡಿಯಪ್ಪಾ. ಇದು ಕೊಡಂಗಿಲ್ಲ.”

ಒಂದು ಪೆಟ್ಟಿಗೆ ಉಳಿಯಿತು. ಮಿಕ್ಕೆರಡರಲ್ಲಿ ಎಷ್ಟು ಜನರ ಮಾತಿತ್ತೋ, ಇನ್ನು ಯಾರಿಗೂ ತಿಳಿಯದು. ಬರೆದುಕೊಂಡವರೂ ಇಲ್ಲ. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರ ಕಾಗದಗಳಿದ್ದರೆ ರದ್ದಿಗೆ ಹಾಕುವ ಮುನ್ನ ದಯವಿಟ್ಟು ಮನೆಯವರನ್ನೆಲ್ಲ ಕೂಡಿಸಿಕೊಂಡು, ಒಂದೊಂದೇ ಹಾಳೆ ಮಗುಚಿ, ಗಟ್ಟಿಯಾಗಿ ಓದಿ.