ತಿಮ್ಮಮ್ಮನ ಗೆಣಸು, ಬೀರೇಶನ ಹಂದಿ

ತಿಮ್ಮಮ್ಮನ ಬಾಯಿಗೆ ಅಗ್ರಹಾರದ ಬೀದಿಯೇ ಹೆದರುತ್ತಿತ್ತು. ಹೆದರಿದರೂ ಸಂಕ್ರಾಂತಿ ಹತ್ತಿರ ಬಂತೆಂದರೆ ಜನ ಅವಳ ಗೋಣಿತಾಟಿನ ಮುಂದೆಯೇ ಬಂದು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಅವಳ ಗೆಣಸಿನಲ್ಲಿ ನಾರಿರಲಿಲ್ಲ, ಬೇಯಿಸಿದರೆ ಸಿಪ್ಪೆ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಗೆಣಸನ್ನು ಉಗುರಲ್ಲಿ ಗೀರಿ ನೋಡುವವರನ್ನು ಕಂಡರೆ ಮಾತ್ರ ಅವಳಿಗೆ ಮೈಯೆಲ್ಲ ಉರಿ. "ಮೊದ್ಲು ಉಗುರು ತೊಳ್ಕೊಂಡ್ ಬನ್ನಿ, ಆಮೇಲೆ ಗೀರೀರಂತೆ" ಎನ್ನುತ್ತಿದ್ದಳು. ಗೀರಿದವರು ಮುಖ ಸಿಂಡರಿಸಿಕೊಂಡೇ ತೂಕ ಹಾಕಿಸುತ್ತಿದ್ದರು.

ಗಂಡ ಹೋದ ಮೇಲೆ ಅವನ ಕಡೆಯಿಂದ ಅವಳಿಗೆ ಉಳಿದದ್ದು ದಟ್ಟಗಳ್ಳಿಯ ಆಚೆ, ಬಡಾವಣೆಗಳು ಇನ್ನೂ ನುಂಗದೆ ಬಿಟ್ಟ ಒಂದು ತುಂಡು ಹೊಲ. ವರ್ಷವಿಡೀ ಅದರಲ್ಲಿ ಬೆಳೆದ ಸೊಪ್ಪನ್ನು ಮನೆ ಮನೆ ಸುತ್ತಿ ಮಾರಿ ಬದುಕುತ್ತಿದ್ದಳು. ಸಂಕ್ರಾಂತಿಯ ವಾರ ಮಾತ್ರ ಬೇರೆ. ಆ ವಾರ ಅವಳು ಯಾರ ಅಕ್ಕನೂ ಅಲ್ಲ, ಯಾರ ವಿಧವೆಯೂ ಅಲ್ಲ, ಗೆಣಸಿನ ತಿಮ್ಮಮ್ಮ.

ಅದಕ್ಕೂ ಕಲ್ಲು ಬಿತ್ತು. ಹೋದ ಎರಡು ವರ್ಷವೂ ಕಾಡುಹಂದಿಗಳು ಬಂದು ಹೊಲ ಬಗೆದು ಹಾಕಿದವು. ಹಬ್ಬದ ವಾರ ಖಾಲಿ ಬಿದ್ದ ಅವಳ ಜಾಗದಲ್ಲಿ ಸೊಗಡವರೆ ಮಾರುವ ಬೋರಮ್ಮ ತಾಟು ಹಾಸತೊಡಗಿದಳು. "ಈ ಸಲ ತಂದ್ರೆ ಎದ್ದೋಯ್ತೀನಿ ಕಣಕ್ಕ. ತರದಿದ್ರೆ ಇನ್ನು ಈ ಜಾಗ ನಂದೇ" ಎಂದು ಬೋರಮ್ಮ ಹೇಳಿಯೂ ಬಿಟ್ಟಿದ್ದಳು. ಬೀದಿಯ ಜಾಗಕ್ಕೆ ಪತ್ರವಿಲ್ಲ. ಕೂತವರದೇ ಜಾಗ.

ಹಂದಿಯಿಂದ ಹೊಲ ಕಾಯಲು ತಮ್ಮ ಬೀರೇಶನಿದ್ದ. ಇದ್ದ ಎನ್ನುವುದೇ ಅವಳ ಕರ್ಮ. ಮದುವೆ ಛತ್ರಗಳಿಗೆ ಗೂಡ್ಸ್ ಆಟೊ ಓಡಿಸುವ ಬೀರೇಶ ಭಾನುವಾರ ಬಂತೆಂದರೆ ಕೋವಿ ಹೆಗಲಿಗೇರಿಸಿ, ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಬೇಟೆಗೆ ಹೊರಡುತ್ತಿದ್ದ. ಪರವಾನಗಿ ಜೇಬಲ್ಲಿದೆ ಎನ್ನುತ್ತಿದ್ದ; ಆ ಜೇಬನ್ನು ಯಾರೂ ತಡಕಿ ನೋಡಿರಲಿಲ್ಲ. ಹಂದಿ ಬಿದ್ದರೆ ದಟ್ಟಗಳ್ಳಿಯ ಅವನ ಮನೆ ಮುಂದೆ ಬಾಳೆಲೆ ಹಾಸಿ ಮಾಂಸದ ಗುಡ್ಡೆ ಹಾಕುವರು. ಯಾರ ಹೊಲದಲ್ಲಿ ಬಿತ್ತೋ ಅವರಿಗೆ ಮೊದಲ ಗುಡ್ಡೆ. ಅದನ್ನು ಹೊಲದ ಪಾಲು ಎನ್ನುತ್ತಾರೆ. ಅದನ್ನು ಬೇಡವೆಂದರೆ ಬೇಟೆಗಾರನ ಮುಖಕ್ಕೆ ಉಗಿದಂತೆ.

ತಿಮ್ಮಮ್ಮ ಪಾಲು ತಿನ್ನುತ್ತಿದ್ದಳು, ತಿನ್ನುತ್ತಲೇ ಬೈಯುತ್ತಿದ್ದಳು.

"ಲೋ ಬೀರ, ನೀನು ಹೊಡಿಯೋಕ್ ಸುರು ಮಾಡ್ದಾಗ ಒಂದು ಹಿಂಡಿತ್ತು. ಈಗ ಮೂರಾಗವೆ. ಇದೆಂತಾ ಬೇಟೆನೋ?"

"ನಾನಿಲ್ದಿದ್ರೆ ಹತ್ತಾಗಿರವು, ಸುಮ್ನಿರಕ್ಕ."

"ಬರೀ ಕೋರೆ ಗಂಡು ಹೊಡಿತೀಯ. ಮರಿ ಕಟ್ಕೊಂಡು ತಿರುಗ್ತಾವಲ್ಲ ಹೆಣ್ಣು, ಅವು ನಿನ್ ಕಣ್ಗೆ ಕಾಣಕಿಲ್ವಾ?"

"ಮರಿತಾಯಿಗೆ ಗುಂಡು ಹಾಕ್ಬಾರ್ದು ಅಂತ ತಾತನ ಕಾಲದಿಂದ ನಡ್ಕೊಂಡ್ ಬಂದದೆ."

"ನಿಮ್ಮ ತಾತ ಗೆಣಸು ಹಾಕಿರ್ಲಿಲ್ಲ ಬುಡು!"

ಇಬ್ಬರಿಗೂ ಇದ್ದದ್ದು ಒಬ್ಬನೇ ತಾತ. ಸಿಟ್ಟು ಬಂದಾಗ ಅವನನ್ನೂ ತಮ್ಮನ ತಲೆಗೇ ಕಟ್ಟುತ್ತಿದ್ದಳು. ಅವಳಿಗೆ ಹೊಟ್ಟೆ ಉರಿಯುತ್ತಿದ್ದದ್ದು ಅವನ ಮೀಸೆ ಕಂಡು. ಸತ್ತ ಗಂಡಿನ ಕೋರೆ ಹಿಡಿದು ಫೋಟೊ ತೆಗೆಸಿಕೊಂಡು, ಬಡಾವಣೆಯವರೆಲ್ಲ "ನೀವಿರೋದಕ್ಕೆ ರೈತ್ರು ಬದುಕವ್ರೆ" ಎಂದರೆ ನಂಬಿ ತಿರುವಿಕೊಳ್ಳುತ್ತಿದ್ದನಲ್ಲ, ಆ ಮೀಸೆ.

ಈ ಸಲ ಬೀರೇಶ ಹೊಸ ಉಪಾಯ ಹೂಡಿದ. ಕಾರ್ತಿಕದಲ್ಲಿ ಮದುವೆಗಳು ಶುರುವಾಗುತ್ತಲೇ ಛತ್ರದ ಎಂಜಲೆಲೆ, ಉಳಿದ ಅನ್ನ, ಹಳಸಿದ ಪಾಯಸವನ್ನೆಲ್ಲ ಆಟೊದಲ್ಲಿ ತುಂಬಿಕೊಂಡು ಬಂದು ಅಕ್ಕನ ಹೊಲದ ಪಕ್ಕದ ಹಳ್ಳಕ್ಕೆ ಸುರಿದ. ಗಬ್ಬು ವಾಸನೆಗೆ ತಿಮ್ಮಮ್ಮ ಎಗರಾಡಿದಳು.

"ಹಂದಿ ಎಲ್ಲಾ ಒಂದೇ ಕಡೆ ಸೇರ್ತವೆ ಕಣಕ್ಕ. ಹೊಡಿಯೋಕೆ ಸಲೀಸು. ನಿನ್ ಹೊಲ ಮುಟ್ಟದೂ ಇಲ್ಲ, ನೋಡ್ತಿರು."

ನಿಜವಾಗಿಯೂ ಮುಟ್ಟಲಿಲ್ಲ. ಹಂದಿಗಳು ಹಳ್ಳದಲ್ಲಿ ಹೋಳಿಗೆ ತಿಂದು ಅಲ್ಲೇ ಹೊರಳಾಡಿಕೊಂಡಿದ್ದವು. ಗೆಣಸಿನ ಹಂಬು ಹೊಲ ತುಂಬ ಹಬ್ಬಿತು. ಬುಡ ಕೆದಕಿ ನೋಡಿದರೆ ಗೆಡ್ಡೆ ಮೊಣಕೈ ಗಾತ್ರ. ತಿಮ್ಮಮ್ಮ ಅಗ್ರಹಾರಕ್ಕೆ ಹೋಗಿ ಬೋರಮ್ಮನಿಗೆ "ತಾಟು ಮಡಿಸ್ಕೊಳೋಕೆ ತಯಾರಾಗಿರು" ಎಂದು ಹೇಳಿಯೇ ಬಂದಳು.

ಆಮೇಲೆ ಧನುರ್ಮಾಸ ಬಂತು.

ಧನುರ್ಮಾಸದಲ್ಲಿ ಯಾರು ಮದುವೆ ಮಾಡುತ್ತಾರೆ? ಛತ್ರಗಳಿಗೆ ಬೀಗ ಬಿತ್ತು. ಬೀರೇಶನ ಆಟೊ ಬಾಡಿಗೆಯಿಲ್ಲದೆ ಅವನ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿತು. ಹಳ್ಳಕ್ಕೆ ಎಲೆ ಬೀಳುವುದು ನಿಂತಿತು. ಈ ಲೆಕ್ಕ ಬೀರೇಶನ ತಲೆಗೂ ಹೊಳೆಯಲಿಲ್ಲ, ಅವಳ ತಲೆಗೂ ಹೊಳೆಯಲಿಲ್ಲ. ಹಂದಿಗಳು ಕೆಲವು ದಿನ ಹಳ್ಳದಲ್ಲಿ ಮೂಸಿ ನೋಡಿದವು. ಎರಡು ತಿಂಗಳು ಮದುವೆ ಊಟ ಉಂಡ ತಾಯಿಗಳು, ಆ ಊಟದಲ್ಲೇ ಬಲಿತ ಮರಿಗಳು, ಎಲ್ಲಕ್ಕೂ ಹಸಿವು. ನಾಲ್ಕು ಹೆಜ್ಜೆ ಆಚೆ ಗೆಣಸಿತ್ತು.

ಹಬ್ಬಕ್ಕೆ ಒಂದು ವಾರವಿರುವಾಗ, ಭಾನುವಾರ ಬೆಳಗ್ಗೆ, ಕೀಳಲೆಂದು ಗುದ್ದಲಿ ಹಿಡಿದು ಹೋದ ತಿಮ್ಮಮ್ಮ ಬದುವಿನ ಮೇಲೆಯೇ ನಿಂತುಬಿಟ್ಟಳು. ಹೊಲವೆಲ್ಲ ಗುಂಡಿ. ಕಿತ್ತೆಸೆದ ಹಂಬು, ಅರ್ಧ ಕಚ್ಚಿ ಬಿಟ್ಟ ಗೆಡ್ಡೆ, ಮಣ್ಣಲ್ಲಿ ಚಿಕ್ಕ ಚಿಕ್ಕ ಗೊರಸಿನ ಗುರುತು. ನಡುವೆ ಹಸಿ ರಕ್ತ. ಬೀರೇಶನ ಗುಂಪು ಅವಳಿಗಿಂತ ಮೊದಲೇ ಬಂದು ಒಂದು ಕೋರೆ ಗಂಡನ್ನು ಹೊಡೆದು ಹೊತ್ತುಕೊಂಡು ಹೋಗಿತ್ತು.

ಅವಳು ಅಳಲಿಲ್ಲ. ಅಳುವಷ್ಟು ಮೆತ್ತಗಿರಲಿಲ್ಲ ಆ ಕೋಪ. ಕಿತ್ತು ಬಿದ್ದಿದ್ದ ಹಂಬನ್ನೆಲ್ಲ ಗೋಣಿಚೀಲಕ್ಕೆ ತುರುಕಿ ತಲೆ ಮೇಲಿಟ್ಟುಕೊಂಡು ದಟ್ಟಗಳ್ಳಿಗೆ ನಡೆದಳು.

ಬೀರೇಶನ ಮನೆ ಮುಂದೆ ಬಾಳೆಲೆ ಹಾಸಿತ್ತು. ಅವನ ಹೆಂಡತಿ ಮಂಜುಶ್ರೀ ಮೊದಲ ಗುಡ್ಡೆಯನ್ನು ಎಲೆ ಸಮೇತ ಎತ್ತಿಕೊಂಡು ಬಂದಳು. "ಬನ್ನಿ ಅತ್ತಿಗೆ, ಹೊಲದ ಪಾಲು."

"ಹೊಲದ ಪಾಲಾ? ಹೊಲ ಎಲ್ಲವ್ವಾ ಅದೆ?"

ಪಾಲಿಗೆ ಕಾದು ಕೂತಿದ್ದವರು ಇತ್ತ ತಿರುಗಿದರು. ಬೀರೇಶ ಕೈ ಒರೆಸಿಕೊಳ್ಳುತ್ತ ಎದ್ದ. "ಏನ್ ಮಾಡದಕ್ಕ, ಮದ್ವೆ ಇರ್ಲಿಲ್ಲ, ಎಲೆ ಸಿಗ್ನಿಲ್ಲ. ಆದ್ರೂ ಒಂದ ಹೊಡ್ದಿವ್ನಲ್ಲ."

"ಒಂದ ಹೊಡ್ದೆ, ಮೂವತ್ತ ಸಾಕ್ದೆ! ನೀನು ಬೇಟೆಗಾರ ಅಲ್ಲ ಕಣೋ, ಹಂದಿಗೆ ಬಡ್ಸೋನು. ನೀನು ಬಡ್ಸೋದ ನಿಲ್ಸಿದ್ಕೆ ಅವು ನನ್ ಹೊಲ ಉಂಡ್ವು. ಹಂದಿ ಮುಗುದ್ರೆ ನಿನ್ ಭಾನುವಾರ ಮುಗಿತದೆ, ಅದಕ್ಕೇ ಮುಗಿಸಾಕಿಲ್ಲ ನೀನು."

"ಪಾಲು ಬ್ಯಾಡ ಅಂತೀಯಾ?" ಬೀರೇಶನ ಮುಖ ಕಪ್ಪಿಟ್ಟಿತು.

"ನೀನೇ ಉಣ್ಣು."

ಅವಳು ಪಕ್ಕದ ಸೈಟಿಗೆ ಕಾಲಿಟ್ಟಳು. ಅಪ್ಪ ಇಬ್ಬರಿಗೂ ಪಕ್ಕಪಕ್ಕದಲ್ಲೇ ಸೈಟು ಬಿಟ್ಟುಹೋಗಿದ್ದ. ತಮ್ಮ ತನ್ನದರಲ್ಲಿ ಮನೆ ಕಟ್ಟಿಕೊಂಡ. ಅವಳದು ಅವನ ಆಟೊ ನಿಲ್ಲಿಸಲು ಆಗಿತ್ತು. "ಆಟೊ ತೆಗಿಯೋ" ಎಂದಳು. ಅವನು ಅಲುಗಾಡದಿದ್ದಾಗ ಆಟೊ ಬಿಟ್ಟು ಉಳಿದ ಜಾಗದಲ್ಲಿ, ಅವನ ಅಡುಗೆಮನೆಯ ಗೋಡೆಗೆ ಅಂಟಿಕೊಂಡಂತೆ, ಗುದ್ದಲಿ ಹಾಕಿ ಸಾಲು ಎಳೆದಳು. ಚೀಲದಿಂದ ಹಂಬು ತೆಗೆದು, ತುಂಡು ಮಾಡಿ, ಒಂದೊಂದಾಗಿ ನೆಡತೊಡಗಿದಳು.

ಮಂಜುಶ್ರೀಗೆ ಮೊದಲು ಅರ್ಥವಾಯಿತು. "ಅಯ್ಯೋ ಅತ್ತಿಗೆ, ಇಲ್ಲಿಗೆ ಹಂದಿ ಬಂದ್ಬುಡ್ತವೆ! ಮಕ್ಳು ಓಡಾಡೋ ಜಾಗ!"

"ಬರ್ಲಿ. ಇಷ್ಟು ದಿನ ನನ್ ಹೊಲಕ್ಕೆ ಬಂದಿಲ್ವಾ?"

"ಏ, ಸುಮ್ನೆ ಬೆದರಿಸ್ತಾಳೆ ಬುಡೇ" ಎಂದ ಬೀರೇಶ ನಗಲು ನೋಡಿದ. ಜೊತೆಗೆ ಯಾರೂ ನಗಲಿಲ್ಲ. ಮಾಂಸಕ್ಕೆ ಬಂದಿದ್ದ ಎದುರುಮನೆಯವರು ತಮ್ಮ ಗೇಟಿನ ಕಡೆ ಒಮ್ಮೆ ತಿರುಗಿ ನೋಡಿದರು.

ಆ ಸಂಕ್ರಾಂತಿಗೆ ಅಗ್ರಹಾರದಲ್ಲಿ ಬೋರಮ್ಮನೇ ಕೂತಳು. ತಿಮ್ಮಮ್ಮ ಅತ್ತ ಹೋಗಲಿಲ್ಲ. ಹಬ್ಬದ ದಿನವೂ ಕೊಡಪಾನ ಹೊತ್ತು ಸೈಟಿಗೆ ಬಂದು ಹಂಬಿಗೆ ನೀರು ಹಾಕಿದಳು. ಕಿಟಕಿಯಲ್ಲಿ ತಮ್ಮನ ಮುಖ ಕಂಡಿತು.

"ಚೆನ್ನಾಗ್ ಹಬ್ತದೆ ಕಣೋ, ನಾರಿರಾಕಿಲ್ಲ" ಎಂದಳು. "ಮರಿತಾಯಿಗೂ ಇಷ್ಟವಾಯ್ತದೆ. ಆವಾಗ ಹೊಡಿತೀಯೋ, ಇಲ್ಲಾ ತಾತನ ನೆನಿಸ್ಕಂಡು ಬಾಗ್ಲು ಹಾಕೊತೀಯೋ, ನೋಡ್ತೀನಿ."