ಕಣ್ಣಿರೋ ಚಿಪ್ಪು

ನಮ್ಮ ಬಿಂಡಿಗನವಿಲೆಗೆ ಇಂಗ್ಲಿಷಿನ ಯಾವ ಪದವೂ ಬಂದ ಹಾಗೇ ಉಳಿಯುವುದಿಲ್ಲ. ಬಸ್ ಬಂದು ಬಸ್ಸಾಯಿತು, ಕಾರ್ ಬಂದು ಕಾರಾಯಿತು. ಹಾಗಾಗಿ ಸಿದ್ದಲಿಂಗಮ್ಮ ತನ್ನ ಹಳೇ ಸ್ಕಾರ್ಪಿಯೋಗೆ ಚಿಪ್ ಹಾಕಿಸುತ್ತೇನೆ ಎಂದಾಗ ಊರಿಗೆ ಕೇಳಿಸಿದ್ದು ಚಿಪ್ಪು. ಚಿಪ್ಪು ಎಂದರೆ ಏನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಯಿ, ಕೊಬ್ಬರಿ ವ್ಯಾಪಾರದವನು ನಾನು. ನನ್ನ ಮನೆಯ ಹಿಂದೆ ಅದರದೇ ರಾಶಿ. ನಮ್ಮ ಕಡೆ ಒಬ್ಬ ಮನುಷ್ಯ ಹಾಳಾಗುತ್ತಾನೆ ಎನ್ನುವುದಕ್ಕೆ 'ಅವನ ಕೈಗೆ ಚಿಪ್ಪು ಬರುತ್ತೆ' ಎನ್ನುತ್ತಾರೆ. ಭಿಕ್ಷೆ ಎತ್ತುವ ಚಿಪ್ಪು. ಈ ಮಾತನ್ನು ಸಿದ್ದಲಿಂಗಮ್ಮನಿಗೆ ಒಂದು ಸಲ ನೇರವಾಗಿಯೇ ಹೇಳಿದವನೊಬ್ಬನಿದ್ದ. ಅವನು ಅವಳ ಮೈದುನ ಚೌಡಯ್ಯ.

ಅವಳ ಗಂಡ ಹುಚ್ಚಯ್ಯ ಆ ಗಾಡಿಯನ್ನು ಬಾಡಿಗೆಗೆ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಊಟ ಮಾಡಿ ಎದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ತಿಥಿ ಮುಗಿದ ಮೇಲೆ ಜಗಲಿಯ ಮೇಲೆ ಚೌಡಯ್ಯ ಗಾಡಿಯ ಮಾತು ತೆಗೆದ.

"ಮಾರ್‍ಬುಡಿ ಅತ್ತಿಗೆ. ನಿಂತಿದ್ರೆ ತುಕ್ಕು ಇಡೀತದೆ."

"ಯಾಕ್ ನಿಂತದೆ? ನಾನ್ ಓಡಿಸ್ತೀನಿ" ಎಂದಳು ಸಿದ್ದಲಿಂಗಮ್ಮ.

"ಎಂಗಸು ಸ್ಟೇರಿಂಗ್ ಇಡ್ಕಂಡ್ರೆ ಕೈಗೆ ಚಿಪ್ಪೇ ಬರೋದು, ಬರ್‍ಕೊಳ್ಳಿ ಬೇಕಾರೆ."

ಅವಳು ನೀರಿಲ್ಲದ ನಮ್ಮೂರ ಕೆರೆ ಅಂಗಳಕ್ಕೆ ಹೋಗಿ ಗಾಡಿ ಕಲಿತಳು. ಅಲ್ಲಿ ಮೇಯುತ್ತಿದ್ದ ಕುರಿಗಳೇ ಚೆದುರಿ ದಾರಿ ಬಿಡುವುದನ್ನು ಕಲಿತವು. ಸೀರೆಯ ಸೆರಗು ಬಿಗಿದು, ಸೀಟಿಗೆ ಒಂದು ದಿಂಬು ಹಾಕಿಕೊಂಡು ಲೈಸೆನ್ಸು ತಂದಳು. ಹೆರಿಗೆ ನೋವಿನವರನ್ನು ನಾಗಮಂಗಲದ ಆಸ್ಪತ್ರೆಗೆ, ಕಣ್ಣಿನ ಪೊರೆಯವರನ್ನು ಕೆ.ಆರ್. ಪೇಟೆಗೆ, ಹರಕೆಯವರನ್ನು ಗಂಜಾಂನ ನಿಮಿಷಾಂಬನ ಗುಡಿಗೆ ಸಾಗಿಸಿದಳು. ಹೆಂಗಸರು ಅವಳ ಗಾಡಿಯನ್ನೇ ಕೇಳುತ್ತಿದ್ದರು, ಯಾಕೆಂದರೆ ದಾರಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸು ಎನ್ನಲು ಸಂಕೋಚ ಇರಲಿಲ್ಲ. ಇದು ಗಂಡಸು ಡ್ರೈವರುಗಳಿಗೆ ಇವತ್ತಿಗೂ ಅರ್ಥವಾಗಿಲ್ಲ.

ಚೌಡಯ್ಯನ ಮಗಳು ಹೇಮಳನ್ನು ಕಾಲೇಜು ಓದಿಸಿದ್ದು ಒಂದು ಲೆಕ್ಕದಲ್ಲಿ ಆ ಗಾಡಿಯೇ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಹುಡುಗಿ ದೊಡ್ಡವ್ವನ ಸೆರಗು ಹಿಡಿದೇ ಬೆಳೆದಳು. ಬಸ್ಸು ತಪ್ಪಿದ ದಿನವೆಲ್ಲ ಸಿದ್ದಲಿಂಗಮ್ಮ ಅವಳನ್ನು ನಾಗಮಂಗಲಕ್ಕೆ ಬಿಟ್ಟು ಬರುತ್ತಿದ್ದಳು. ಸ್ವಂತ ಮಕ್ಕಳಿಲ್ಲದ ಅವಳಿಗೆ ಹೇಮ ಅಂದರೆ ಜೀವ. ಇದನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ, ನಾನು ಪಕ್ಕದ ಮನೆಯವನು, ನೋಡಿದ್ದೇನೆ.

ಗಾಡಿಗೆ ವಯಸ್ಸಾಯಿತು. ಹೋದ ಕಾರ್ತಿಕದಲ್ಲಿ ಮೇಲುಕೋಟೆಗೆ ಹೊರಟಾಗ ಬೆಟ್ಟದ ತಿರುವಿನಲ್ಲಿ ಉಸಿರುಗಟ್ಟಿ ನಿಂತುಬಿಟ್ಟಿತು. ಒಳಗಿದ್ದವರೆಲ್ಲ ಇಳಿದು ನಡೆಯಬೇಕಾಯಿತು. ಖಾಲಿಯಾದ ಮೇಲೆ ಗಾಡಿ ಏದುಸಿರು ಬಿಡುತ್ತಾ ಹಿಂದಿನಿಂದ ಬಂತು. ಆ ಗುಂಪಿನಲ್ಲಿ ಚೌಡಯ್ಯನೂ ಇದ್ದ. ಊರಿಗೆ ಬಂದವನೇ ಗಾಡಿಗೆ 'ಇಳಿಯೋ ಗಾಡಿ' ಎಂದು ಹೆಸರಿಟ್ಟ. ಹೆಸರಿಡುವುದರಲ್ಲಿ ನಮ್ಮೂರಿನವರನ್ನು ಕೇಳಬೇಕೆ, ಮಾರನೆಯ ದಿನಕ್ಕೆ ಮಕ್ಕಳ ಬಾಯಲ್ಲೂ ಅದೇ.

ಹೇಮಳ ಮದುವೆ ನಡೆಸುವುದೆಂದು ಗೊತ್ತಾದದ್ದು ಅದೇ ಮೇಲುಕೋಟೆಯ ಛತ್ರದಲ್ಲಿ. ಮದುವೆಯ ಹಿಂದಿನ ದಿನ ಹೆಣ್ಣನ್ನು ಕರೆದೊಯ್ಯುವ ಗಾಡಿ ಯಾವುದು ಎಂದು ಮಾತು ಬಂದಾಗ ಹುಡುಗಿ ಅಪ್ಪನಿಗೆ ನೇರವಾಗಿ ಹೇಳಿದಳು, ದೊಡ್ಡವ್ವನ ಗಾಡಿ ಎಂದು. ಚೌಡಯ್ಯ ನಕ್ಕ.

"ಎಣ್ಣು ಗುಡ್ಡ ನಡ್ಕಂಡ್ ಅತ್ತಬೇಕಾ? ಆ ಗಾಡಿ ಏರಕ್ಕಿಲ್ಲ ಕಣವ್ವ."

ಅಲ್ಲೇ ರಾಗಿ ಕೇರುತ್ತಿದ್ದ ಸಿದ್ದಲಿಂಗಮ್ಮ ಮೊರ ಕೆಳಗಿಟ್ಟಳು. "ಏರಿದ್ರೆ?"

"ಏರಿದ್ರೆ ನಿಮ್ ಗಾಡೀಲೇ ಓಗ್ಲಿ, ನಾನ್ಯಾಕ್ ಬ್ಯಾಡ ಅನ್ಲಿ?"

ಈ ಮಾತಿಗೆ ಸಾಕ್ಷಿ ನಾನು. ಆಮೇಲೆ ಅವನು ಹಾಗೆ ಹೇಳಲೇ ಇಲ್ಲ ಎಂದ. ಹೇಳಿದ.

ಮಾರನೆಯ ವಾರ ಬಾಬುರಾಯನಕೊಪ್ಪಲಿನ ಗ್ಯಾರೇಜಿಗೆ ನನ್ನನ್ನೂ ಕರೆದುಕೊಂಡು ಹೊರಟಳು. ಮೈಸೂರು ರಸ್ತೆಯ ಮೇಲಿರುವ ಆ ಗ್ಯಾರೇಜಿನ ಕೃಷ್ಣ ಹುಚ್ಚಯ್ಯನ ಕಾಲದಿಂದಲೂ ಆ ಗಾಡಿ ನೋಡಿದವನು. ಚಿಪ್ ಹಾಕಿದರೆ ಹಳೇ ಗಾಡಿಗಳಿಗೆ ಶಕ್ತಿ ಬರುತ್ತದೆ ಎಂದು ಅವಳು ಫೋನಿನ ವಿಡಿಯೋದಲ್ಲಿ ನೋಡಿದ್ದಳು.

ಕೃಷ್ಣ ಒಪ್ಪಲಿಲ್ಲ. "ಮುದುಕಿಗೆ ಟಾನಿಕ್ ಕುಡಿಸಿ ಓಡು ಅಂದಂಗಾಯ್ತದೆ ಕಣಕ್ಕ."

"ಮುದುಕಿ ಗಿದುಕಿ ಅಂದ್ರೆ ಸರೋಗಕ್ಕಿಲ್ಲ" ಎಂದಳು ಅವಳು. "ಅದೇನ್ ಕೆಲ್ಸ ಮಾಡ್ತದೆ, ಅದ್ ಏಳು ಮೊದ್ಲು."

ಅವನು ಒಂದು ಕಪ್ಪು ಡಬ್ಬಿ ತೋರಿಸಿದ. ಅಂಗೈಯಲ್ಲಿ ಹಿಡಿಸುವಷ್ಟು, ಅದಕ್ಕೆ ವೈರಿನ ಬಾಲ. ಇಂಜಿನ್ನಿಗೆ ಎಷ್ಟು ಡೀಸೆಲ್ ಬಿಡಬೇಕು ಎಂದು ಗಾಡಿಯೊಳಗಿನ ಕಂಪ್ಯೂಟರು ಲೆಕ್ಕ ಹಾಕುತ್ತದಂತೆ. ಈ ಡಬ್ಬಿ ನಡುವೆ ಕೂತು, ಡೀಸೆಲ್ಲಿನ ಒತ್ತಡ ಕಮ್ಮಿ ಇದೆ ಎಂದು ಅದಕ್ಕೆ ಸುಳ್ಳು ಹೇಳುತ್ತದೆ. ಅದು ನಂಬಿ ಇನ್ನಷ್ಟು ಕೊಡುತ್ತದೆ.

"ಉಂಡಿದ್ರೂ ಉಂಡಿಲ್ಲ ಅಂತ ಇನ್ನೊಂದ್ ಮುದ್ದೆ ಇಸ್ಕಳದು" ಎಂದಳು ಸಿದ್ದಲಿಂಗಮ್ಮ. "ಗೊತ್ತಾಯ್ತು ಬುಡು, ನಮ್ ಮನೇಲೂ ಅಂತೋರವ್ರೆ."

ಕೃಷ್ಣ ನಕ್ಕು ಬಾನೆಟ್ ಎತ್ತಿದ. ಎತ್ತಿದ ಮೇಲೆ ನಗಲಿಲ್ಲ. ಇಂಜಿನ್ನಿಗೆ ಗಾಳಿ ತುಂಬುವ ರಬ್ಬರ್ ಪೈಪು ಮಡಿಕೆಯಲ್ಲಿ ಸೀಳಿತ್ತು, ಕ್ಲಚ್ಚು ಸವೆದಿತ್ತು. ಅವೆರಡನ್ನೂ ಬದಲಾಯಿಸದೆ ಡಬ್ಬಿ ಹಾಕಿದರೆ ಹೊಗೆ ಮಾತ್ರ ಬರುತ್ತದೆ ಎಂದ. ಅವನ್ನು ಸರಿ ಮಾಡಿದರೆ ಡಬ್ಬಿಯೇ ಬೇಡವಾಗಬಹುದು ಎಂದೂ ಹೇಳಿದ. ಅವಳು ಕೇಳಲಿಲ್ಲ. ಪೈಪೂ ಹಾಕು, ಕ್ಲಚ್ಚೂ ಹಾಕು, ಡಬ್ಬಿಯನ್ನೂ ಹಾಕು ಎಂದಳು. ಹಟ ಅಂದರೆ ಹಟ. ಕೊನೆಗೆ ಅವನು ಹೊಗೆ ಕಾರದ ಹಾಗೆ ಅದನ್ನು ಕಡಿಮೆಗೇ ಇಟ್ಟು ಕೂರಿಸಿದ. ಬಲವಂತವಾಗಿ ತುಳಿಯಬೇಡಿ, ಏರಿನಲ್ಲಿ ಮೊದಲೇ ಗೇರು ಇಳಿಸಿ ಎಂದು ಬುದ್ಧಿ ಹೇಳಿ ಕಳಿಸಿದ.

ಸೊಸೆ ಗಾಡಿಗೆ ಚಿಪ್ಪು ಹಾಕಿಸಿ ಬಂದಳು ಎಂದು ಕೇಳಿದ ಅತ್ತೆ ಮಾರಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಕಿವಿ ಮಂದ, ಆದರೆ ಕುತೂಹಲ ಚುರುಕು.

"ಎಂತಾ ಚಿಪ್ಪವ್ವ, ಕಣ್ಣಿರೋದಾ, ಕಣ್ಣಿಲ್ದಿರೋದಾ?"

ತೆಂಗಿನಕಾಯಿ ಒಡೆದರೆ ಎರಡು ಹೋಳು. ಒಂದಕ್ಕೆ ಮೂರು ಕಣ್ಣು, ಇನ್ನೊಂದು ಬೋಳು. ಅವಳ ಪ್ರಶ್ನೆ ಅವಳ ಪ್ರಕಾರ ಸರಿಯಾಗಿಯೇ ಇತ್ತು. ನಾನು ನಕ್ಕೆ, ಊರೂ ನಕ್ಕಿತು. ನಗದೇ ಇದ್ದವನು ಚೌಡಯ್ಯ ಒಬ್ಬನೇ. ಅವನಿಗೆ ಆ ಮಾತಿನಲ್ಲಿ ಒಂದು ದಾರಿ ಕಾಣಿಸಿತು.

ಖಾಲಿ ಗಾಡಿಯನ್ನು ಈ ಸಲ ಏದುಸಿರಿಲ್ಲದೆ ಮೇಲುಕೋಟೆಗೆ ಹತ್ತಿಸಿ ಇಳಿಸಿಕೊಂಡು ಬಂದ ಸಿದ್ದಲಿಂಗಮ್ಮ, "ಏರ್‍ತು" ಎಂದು ಅವನ ಮುಂದೆ ಬೀಗದ ಕೈ ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

"ಏರ್ಲಿ ಬುಡಿ ಅತ್ತಿಗೆ. ಆದ್ರೆ ಮದ್ವೆ ಗಾಡಿ ನೋಡಿ, ಚಿಪ್ಪಿರೋ ಗಾಡೀಲಿ ಎಣ್ಣು ಕಳ್ಸಿದ್ರೆ ಅಪಶಕುನ ಅಂತಾರೆ. ನಾನು ನಾಗಮಂಗಲದಲ್ಲಿ ಕಾರು ಮಾತಾಡಿವ್ನಿ."

ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು. ನನಗೆ ಮೈ ಉರಿದುಹೋಯಿತು. ಚಿಪ್ ಬೇರೆ ಚಿಪ್ಪು ಬೇರೆ ಎಂದು ಹೇಳಹೊರಟೆ. ಸಿದ್ದಲಿಂಗಮ್ಮ ಕೈ ಎತ್ತಿ ನನ್ನನ್ನು ತಡೆದಳು.

"ಚಿಪ್ಪು ನೆಪ ಚೌಡಯ್ಯ. ನನ್ ಹಣೆ ತಾನೆ ನಿಂಗ್ ಅಡ್ಡ?"

ಅಂಗಳ ಗಪ್‌ಚಿಪ್ಪಾಯಿತು. ಗಂಡ ಸತ್ತವಳು ಮದುವಣಗಿತ್ತಿಯ ಗಾಡಿ ನಡೆಸುವುದು ಬೇಡ ಎಂಬ ಮಾತು ಅಲ್ಲಿದ್ದ ಎಲ್ಲರ ಹೊಟ್ಟೆಯಲ್ಲೂ ಇತ್ತು, ಯಾರ ಬಾಯಿಗೂ ಬಂದಿರಲಿಲ್ಲ. ಚೌಡಯ್ಯ ನೆಲ ನೋಡಿದ.

"ಹೇಮಂಗೆ ಜ್ವರ ಬಂದಾಗ ಈ ಹಣೆ ನಿಂಗೆ ಅಡ್ಡ ಬರ್‍ನಿಲ್ಲ" ಎಂದು ಹೇಳಿ ಅವಳು ಒಳಗೆ ಹೋದಳು. ಅವತ್ತು ಅವಳು ಅತ್ತಳು. ಗೋಡೆ ತೆಳು, ನನಗೆ ಕೇಳಿಸಿತು.

ಹೊರಡುವ ದಿನ ಮಧ್ಯಾಹ್ನ ಚೌಡಯ್ಯ ಮಾತಾಡಿದ್ದ ಬಿಳಿ ಕಾರು ಹೂವಿನಲ್ಲಿ ಮುಳುಗಿ ಬಂದು ನಿಂತಿತು. ಅದೇ ಹೊತ್ತಿಗೆ ಸಿದ್ದಲಿಂಗಮ್ಮ ನನ್ನ ಮನೆಯ ಹಿಂದೆ ಬಂದಳು. ತೊಳೆದ ತಲೆ, ಹೊಸ ಸೀರೆ.

"ಲೋಕೇಶ, ಒಂದ್ ಚಿಪ್ಪು ಕೊಡು ಕಣ್ಲಾ. ಮುಕ್ಕಾಗಿರಬಾರ್ದು."

ನಾನು ಅವಳ ಮುಖ ನೋಡಿದೆ. ತಮಾಷೆ ಅಲ್ಲ. "ಕಣ್ಣಿರೋದಾ ಅಕ್ಕ, ಕಣ್ಣಿಲ್ದಿರೋದಾ?"

"ಕಣ್ಣಿರೋದೇ ಕೊಡು. ದಾರಿ ನೋಡ್ಬೇಕಲ್ಲ."

ರಾಶಿಯನ್ನೆಲ್ಲ ಕೆದಕಿ ಒಂದು ಹುಡುಕಿಕೊಟ್ಟೆ. ಕಣ್ಣು ತೂತು ಮಾಡಿ ದಾರ ಪೋಣಿಸಿದಳು. ಸ್ಕಾರ್ಪಿಯೋದ ಮುಂದೆ, ನಂಬರ್ ಪ್ಲೇಟಿನ ಮೇಲೆ, ಎಲ್ಲರೂ ನೋಡುತ್ತಿರುವಾಗಲೇ ಬಿಗಿದು ಕಟ್ಟಿದಳು. ಚಿಪ್ಪಿನ ಗಾಡಿ ಅಂದಿರಲ್ಲ, ಕಣ್ತುಂಬ ನೋಡಿಕೊಳ್ಳಿ ಎನ್ನುವ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ನೆಂಟರಲ್ಲಿ ಒಬ್ಬಿಬ್ಬರು ಛೀ ಎಂದರು. ಅನ್ನಲಿ.

ಹೇಮ ಹೊರಗೆ ಬಂದಳು. ಬಿಳಿ ಕಾರಿನ ಬಾಗಿಲು ಹಿಡಿದು ಅಪ್ಪ ನಿಂತಿದ್ದ. ಹುಡುಗಿ ಒಂದು ಕ್ಷಣ ಚಿಪ್ಪು ನೋಡಿದಳು, ದೊಡ್ಡವ್ವನ ಮುಖ ನೋಡಿದಳು, ಅಪ್ಪನನ್ನು ದಾಟಿ ಹೋಗಿ ಸ್ಕಾರ್ಪಿಯೋದ ಮುಂದಿನ ಸೀಟಿನಲ್ಲಿ ಕೂತಳು.

"ಇಳಿಯವ್ವ, ಜನ ಏನಂದಾರು?" ಎಂದ ಚೌಡಯ್ಯ.

"ನಾನ್ ಮೇಲುಕೋಟೇಲೇ ಇಳಿಯೋದು ಅಪ್ಪ. ನೀನೂ ಗಾಡಿ ಅತ್ತು."

ಅಪ್ಪನಿಲ್ಲದೆ ಹೆಣ್ಣನ್ನು ಕಳಿಸುವ ಹಾಗಿಲ್ಲ. ಚೌಡಯ್ಯ ಹಿಂದಿನ ಸೀಟು ಹತ್ತಲೇಬೇಕಾಯಿತು. ಅವನ ಪಕ್ಕ ಮಾರಮ್ಮ, ಆಮೇಲೆ ನಾನು, ಕೊನೆಯ ಸಾಲಿನಲ್ಲಿ ಮಡಿಲಕ್ಕಿ ಚೀಲ, ಹಣ್ಣಿನ ಬುಟ್ಟಿಗಳ ನಡುವೆ ಹೆಂಗಸರು. ಒಂದು ಇರುವೆಗೂ ಜಾಗವಿರಲಿಲ್ಲ. ಬಿಳಿ ಕಾರಿನಲ್ಲಿ ಚೌಡಯ್ಯನ ಸ್ನೇಹಿತರು ಕೂತು ಮುಂದೆ ಹೋದರು.

ನಾಗಮಂಗಲ ದಾಟಿ ಜಕ್ಕನಹಳ್ಳಿ ಕ್ರಾಸಿನಲ್ಲಿ ಬಲಕ್ಕೆ ತಿರುಗುವವರೆಗೆ ಮಾತಿತ್ತು. ಆಮೇಲೆ ಬೆಟ್ಟ ಕಾಣಿಸಿತು. ಸಿದ್ದಲಿಂಗಮ್ಮ ಎಸಿ ಆರಿಸಿದಳು, ಮೊದಲೇ ಗೇರು ಇಳಿಸಿದಳು. ಗಾಡಿ ಗಟ್ಟಿಯಾಗಿ ಏರುತ್ತಿತ್ತು. ಇನ್ನೇನು ಗೆದ್ದೆವು ಎನ್ನುವಾಗ, ಅದೇ ತಿರುವಿನಲ್ಲಿ, ಮೇಲಿನಿಂದ ಬಸ್ಸೊಂದು ಇಡೀ ರಸ್ತೆ ನುಂಗಿಕೊಂಡು ಇಳಿಯಿತು. ಅವಳು ನಿಲ್ಲಿಸಲೇಬೇಕಾಯಿತು.

ತುಂಬಿದ ಗಾಡಿ, ನಡು ಏರು. ಬಸ್ಸು ಹೋಯಿತು. ಅವಳು ಬ್ರೇಕಿನಿಂದ ಕಾಲು ತೆಗೆದಾಗ ಗಾಡಿ ಒಂದು ಗೇಣು ಹಿಂದಕ್ಕೆ ಜಾರಿತು. ಹಿಂದಿನ ಸಾಲಿನಲ್ಲಿ ಯಾರೋ ದೇವರ ಹೆಸರು ಕೂಗಿದರು. ಚೌಡಯ್ಯ ಬಾಗಿಲಿನ ಹಿಡಿಗೆ ಕೈ ಹಾಕಿದ.

"ಇಳೀಬೇಕಾ ಅತ್ತಿಗೆ?"

ಅದರಲ್ಲಿ ಕುಹಕ ಇರಲಿಲ್ಲ, ಭಯ ಮಾತ್ರ ಇತ್ತು. ಅವಳು ಹಿಂತಿರುಗಿಯೂ ನೋಡಲಿಲ್ಲ.

"ಕೂತ್ಕೊ. ನಾನ್ ಇಳೀರಿ ಅನ್ನೋಗಂಟ ಈ ಗಾಡಿಯಿಂದ ಯಾರೂ ಇಳಿಯಂಗಿಲ್ಲ."

ಹ್ಯಾಂಡ್‌ಬ್ರೇಕು ಎಳೆದು, ಇಂಜಿನ್ನಿನ ದನಿ ಕೇಳಿಸಿಕೊಳ್ಳುತ್ತಾ ಮೆಲ್ಲನೆ ಕ್ಲಚ್ಚು ಬಿಟ್ಟಳು. ಮುಂಭಾಗ ಕೊಂಚ ಎದ್ದಿತು. ಒಳಗೆಲ್ಲೋ ಸಿಳ್ಳೆ ಹೊಡೆದ ಹಾಗೆ ಒಂದು ಸದ್ದು ಹುಟ್ಟಿ ದೊಡ್ಡದಾಯಿತು. ಅವಳು ಹ್ಯಾಂಡ್‌ಬ್ರೇಕು ಇಳಿಸಿದಳು, ಗಾಡಿ ಹೊರಟಿತು. ಅದು ಕಪ್ಪು ಡಬ್ಬಿಯ ಸುಳ್ಳೋ, ಹೊಸ ಪೈಪಿನ ನಿಜವೋ ನನಗೆ ಗೊತ್ತಿಲ್ಲ, ಕೃಷ್ಣನನ್ನು ಕೇಳಿದರೆ ಪೈಪು ಎನ್ನುತ್ತಾನೆ. ತಿರುವು ದಾಟಿದ ಮೇಲೆ ಹೇಮ ಖುಷಿಗೆ ಕಿರುಚಿದ ರಭಸಕ್ಕೆ ತಲೆಯ ಹೂವೆಲ್ಲ ಸಡಿಲವಾಯಿತು. ಕಿವಿ ಕೇಳದ ಮಾರಮ್ಮ, "ಬಂದ್‌ಬುಟ್ವಾ?" ಎಂದು ಕೇಳಿದಳು.

ಛತ್ರದ ಮುಂದೆ ಗಂಡಿನ ತಾಯಿ ಯಶೋದಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಬಾಗಿಲು ತೆಗೆದ ಹೇಮ ಇಳಿಯಲಿಲ್ಲ. ದೊಡ್ಡವ್ವ ಸುತ್ತಿ ಬಂದು ಕೈ ಕೊಟ್ಟ ಮೇಲೇ ಇಳಿದಳು, ಇಳಿದ ಮೇಲೂ ಆ ಕೈ ಬಿಡಲಿಲ್ಲ. ಯಶೋದಮ್ಮನ ಕಣ್ಣು ಸಿದ್ದಲಿಂಗಮ್ಮನ ಬರಿ ಹಣೆಯ ಮೇಲೆ ಒಂದು ಚಣ ನಿಂತಿತು. ಸಿದ್ದಲಿಂಗಮ್ಮ ಕೈ ಬಿಡಿಸಿಕೊಂಡು ಪಕ್ಕಕ್ಕೆ ಸರಿಯಲು ನೋಡಿದಳು. ಅಷ್ಟು ಹೊತ್ತು ಯಾರಿಗೂ ಬಗ್ಗದ ಹೆಂಗಸು ಅಲ್ಲಿ ಬಗ್ಗಿದ್ದು ನೋಡಿ ನನಗೆ ಸಂಕಟವಾಯಿತು.

"ಇಬ್ರಿಗೂ ಒಟ್ಗೇ ಎತ್ತಿ ಅತ್ತೆಮ್ಮ. ನಮ್ಮವ್ವ ಇವ್ರೇ" ಎಂದಳು ಹೇಮ.

ಯಶೋದಮ್ಮ ಚೌಡಯ್ಯನ ಕಡೆ ನೋಡಿದರು. ಬೆವರು ಒರೆಸಿಕೊಳ್ಳುತ್ತಿದ್ದ ಅವನು ತಲೆ ತಗ್ಗಿಸಿ, "ಎತ್ತಿ" ಎಂದ. ಇಬ್ಬರಿಗೂ ಆರತಿ ಎತ್ತಿ, ಕೆಂಪು ನೀರನ್ನು ಗಾಡಿಯ ಮುಂದೆ ಚೆಲ್ಲಿದರು. ಅದರ ಹನಿ ಚಿಪ್ಪಿಗೂ ಹಾರಿತು.

ಆ ಚಿಪ್ಪು ಇವತ್ತಿಗೂ ಅಲ್ಲೇ ಇದೆ. ನಾಗಮಂಗಲದ ಸ್ಟ್ಯಾಂಡಿನಲ್ಲಿ, ಗಂಜಾಂನ ಹೊಳೆದಂಡೆಯಲ್ಲಿ, ಗಾಡಿ ನಿಲ್ಲಿಸಿದ ಕಡೆಯೆಲ್ಲ ಯಾರಾದರೊಬ್ಬರು ಇದೇನಮ್ಮ ಎಂದು ಕೇಳಿಯೇ ಕೇಳುತ್ತಾರೆ. ಚೌಡಯ್ಯ ಪಕ್ಕದಲ್ಲಿದ್ದರೂ ಅವಳ ಉತ್ತರ ಬದಲಾಗುವುದಿಲ್ಲ.

"ಒಬ್ರು ಕೈಗ್ ಬತ್ತದೆ ಅಂದಿದ್ರು. ಬರೋಗಂಟ ಯಾರ್ ಕಾಯ್ತಾರೆ ಅಂತ ನಾನೇ ಇಸ್ಕಂಡು ಕಟ್ಕಂಡೆ."